ಅರವತ್ತು ಹೆಜ್ಜೆಗಳ ಆಚೆ

ಕಾರವಾರಕ್ಕೆ ಬಂದ ಆರನೆಯ ವಾರ ನಮ್ಮ ನಾಯಿ ಕೆಂಚ ಭಾವನನ್ನು ಕಚ್ಚಿದ. ಕುಮಟೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಭಾವ ಜಗಲಿಯ ಮೆಟ್ಟಿಲ ಮೇಲೆ ಕುಳಿತು, ಮುಂದಕ್ಕೆ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದರು. ಕೆಂಚ ಮೂಲೆಯಲ್ಲಿ ಮಲಗಿದ್ದವನು ಎದ್ದ, ಕಚ್ಚಿದ, ಮತ್ತೆ ಮೂಲೆಗೆ ಹೋದ. ಇಷ್ಟೂ ನಡೆದದ್ದು ಒಂದು ಉಸಿರಿನಷ್ಟು ಹೊತ್ತಿನಲ್ಲಿ. ಮುಂಗೈ ಮೇಲೆ ಎರಡು ಹಲ್ಲು ಆಳವಾಗಿ ಊರಿದ್ದವು. ನಲ್ಲಿಯ ಕೆಳಗೆ ಕೈ ಹಿಡಿಸಿ, ಸೋಪು ಹಚ್ಚಿ 15 ನಿಮಿಷ ತೊಳೆದೆವು. ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಮೊದಲ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಕೆಂಚನಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದ ಕಾರ್ಡು ಕಪಾಟಿನಲ್ಲಿತ್ತು. ಆದರೂ ಚುಚ್ಚುಮದ್ದು ಬೇಡ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಇರಲೂ ಬಾರದು.

ಭಾವ ಸಿಟ್ಟಾಗಲಿಲ್ಲ. ತೋಟದ ಮನೆಯಲ್ಲಿ ನಾಯಿಗಳ ನಡುವೆಯೇ ಬೆಳೆದವರು ಅವರು. ಸಂಜೆ ಚಹಾ ಕುಡಿಯುವಾಗ ಒಂದು ಮಾತು ಹೇಳಿದರು: “ಅದು ಗುರ್ ಎನ್ನಲೂ ಇಲ್ಲವಲ್ಲ. ನಾಯಿ ಸುಮ್ಮನೆ ಹೀಗೆ ಕಚ್ಚುವುದಿಲ್ಲ, ಮೊದಲು ಹೇಳುತ್ತದೆ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಏಕೆಂದರೆ ಕೆಂಚ ಗುರ್ ಎನ್ನುವುದನ್ನು ಬಿಡಿಸಿದ್ದು ನಾನೇ. ಅದಕ್ಕೂ ಮೂರು ವಾರ ಮೊದಲು, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಸಂಜೆಯ ಜನಸಂದಣಿಯ ನಡುವೆ, ಚೆಂಡಿನ ಹಿಂದೆ ಓಡಿ ಬಂದ ಒಂದು ಮಗುವಿನ ಮೇಲೆ ಅವನು ಎಗರಿದ್ದ. ಸರಪಳಿ ಬಿಗಿಯಾಗಿ ಹಿಡಿದಿದ್ದೆ, ಮಗುವಿಗೆ ಏನೂ ಆಗಲಿಲ್ಲ. ಆದರೆ ಸುತ್ತಲಿನವರೆಲ್ಲ ತಿರುಗಿ ನೋಡಿದರು. ಮಗುವಿನ ತಾಯಿ ಏನೂ ಹೇಳದೆ ಮಗುವನ್ನು ಎತ್ತಿಕೊಂಡು ಹೋದಳು. ಆ ಮೌನಕ್ಕೆ ನಾಚಿ, ಕೈಯಲ್ಲಿದ್ದ ಸರಪಳಿಯ ತುದಿಯ ಚರ್ಮದ ಪಟ್ಟಿಯಿಂದಲೇ ಕೆಂಚನ ಮೂತಿಗೆ ಬಾರಿಸಿದೆ. ಆ ಮೇಲೆ ಅವನು ಗುರುಗುಟ್ಟಿದಾಗಲೆಲ್ಲ ಒಂದು ಏಟು, ಒಂದು ಜಗ್ಗು. ಹತ್ತು ದಿನಗಳಲ್ಲಿ ಅವನು ಸದ್ದು ಮಾಡುವುದನ್ನು ನಿಲ್ಲಿಸಿದ. “ಕೆಂಚ ಸುಧಾರಿಸಿದ,” ಎಂದು ಆಯಿಗೆ, ಅಂದರೆ ಅಮ್ಮನಿಗೆ, ಹೆಮ್ಮೆಯಿಂದ ಹೇಳಿದ್ದೆ. ಅವನು ಸುಧಾರಿಸಿರಲಿಲ್ಲ. ಹೆದರಿಕೆಯನ್ನು ಹಾಗೆಯೇ ಒಳಗಿಟ್ಟುಕೊಂಡು, ಅದನ್ನು ಹೇಳುವುದನ್ನು ಮಾತ್ರ ಬಿಟ್ಟಿದ್ದ.

ಅಂಗಳವಿಲ್ಲದ ನಾಯಿ

ಇಂಥ ನಾಯಿಯನ್ನು ತರಬೇತುದಾರರು ರಿಯಾಕ್ಟಿವ್ ನಾಯಿ ಎನ್ನುತ್ತಾರೆ. ಅಪರಿಚಿತರನ್ನು, ಬೇರೆ ನಾಯಿಯನ್ನು, ಸ್ಕೂಟರನ್ನು ಕಂಡಾಗ ಸನ್ನಿವೇಶಕ್ಕೆ ಮೀರಿ ಕೆರಳುವ ನಾಯಿ. ನಮ್ಮ ಕಡೆ ಇದಕ್ಕೆ ಇಂಥದೇ ಎಂಬ ಹೆಸರಿಲ್ಲ, ‘ಜೋರು ನಾಯಿ’ ಎಂದುಬಿಡುತ್ತೇವೆ. ಆ ಹೆಸರಿನೊಳಗೆ ಒಂದು ಮೆಚ್ಚುಗೆಯೂ ಇದೆ. ತೋಟದ ಮನೆಗೆ ನಾಯಿ ಜೋರಾಗಿರಬೇಕು ಎಂದೇ ನಾವು ಬಯಸುತ್ತೇವೆ. ಆದರೆ ಕೆರಳುವ ನಾಯಿಗಳಲ್ಲಿ ಹೆಚ್ಚಿನವು ಧೈರ್ಯದಿಂದ ಕೆರಳುವುದಿಲ್ಲ, ಭಯದಿಂದ ಕೆರಳುತ್ತವೆ. ಇನ್ನು ಕೆಲವು, ಹತ್ತಿರ ಹೋಗಬೇಕೆಂದರೂ ಕಟ್ಟು ಬಿಡದ ಸಂಕಟಕ್ಕೆ ಕೂಗಾಡುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬೊಗಳು, ಒಂದೇ ಎಗರು.

ಕೆಂಚ ಹುಟ್ಟಿ ಬೆಳೆದದ್ದು ಶಿರಸಿಯ ಒಳಹಳ್ಳಿಯಲ್ಲಿ, ನಮ್ಮ ಅಡಿಕೆ ತೋಟದ ಮನೆಯಲ್ಲಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ತೋಟ, ನಡುವೆ ಮನೆ. ಪಕ್ಕದ ಮನೆಗೆ ಕೂಗಿದರೆ ಕೇಳಿಸದು. ಮರಿ ಹುಟ್ಟಿ ಮೂರನೆಯ ವಾರದಿಂದ ಮೂರು ತಿಂಗಳ ಆಸುಪಾಸಿನವರೆಗೆ ಯಾವುದನ್ನೆಲ್ಲ ಕಾಣುತ್ತದೋ ಅದನ್ನು ಲೋಕದ ಸಹಜ ಸಂಗತಿ ಎಂದು ಒಪ್ಪಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಕೆಂಚ ಕಂಡದ್ದು ಅಪ್ಪ, ಆಯಿ, ಕೊಟ್ಟಿಗೆಯ ನಾಲ್ಕು ದನ ಮತ್ತು ಕೊನೆಕೊಯ್ಲಿಗೆ, ಅಂದರೆ ಅಡಿಕೆ ಗೊನೆ ಇಳಿಸಲು, ಬರುವ ಕೊನೆಗೌಡ. ಉಳಿದವರೆಲ್ಲ ದಣಪೆಯ, ಅಂದರೆ ಅಂಗಳದ ಬೇಲಿಯ ಬಾಗಿಲಿನ, ಆಚೆಯಿಂದ ಬರುವವರು.

ದಣಪೆಯಲ್ಲಿ ಅಂಚೆಯವನು ಕಾಣಿಸಿಕೊಂಡರೆ ಕೆಂಚ ಬೊಗಳುತ್ತಿದ್ದ. ಅಂಚೆಯವನು ಕಾಗದ ಕೊಟ್ಟು ಹೋಗುತ್ತಿದ್ದ. ಅವನು ಹೋದದ್ದು ಕೆಲಸ ಮುಗಿದದ್ದರಿಂದ ಎಂದು ನಮಗೆ ಗೊತ್ತು. ಕೆಂಚನಿಗೆ ಗೊತ್ತಿದ್ದದ್ದು ಇಷ್ಟೇ: ತಾನು ಬೊಗಳಿದೆ, ಅವನು ಹೋದ. ಆರು ವರ್ಷ ಪ್ರತಿ ಸಲವೂ ಅವನ ಬೊಗಳು ಗೆದ್ದಿದೆ. ಒಮ್ಮೆಯೂ ಸೋಲದ ಉಪಾಯವನ್ನು ಯಾವ ಜೀವ ತಾನೇ ಬಿಡುತ್ತದೆ? ಇನ್ನೂ ಒಂದು ಸಂಗತಿ ಇದೆ. ಅದು ಹೊಳೆಯಲು ನನಗೆ ತಿಂಗಳುಗಳೇ ಬೇಕಾದವು. ಊರಿನಲ್ಲಿ ಕೆಂಚನನ್ನು ಕಟ್ಟುತ್ತಿದ್ದದ್ದು ನೆಂಟರು ಬಂದಾಗ ಮಾತ್ರ. ಮದುವೆ ಕರೆಯಕ್ಕೆ ಬಂದವರು, ಅಡಿಕೆ ವ್ಯಾಪಾರದವರು ಬಂದರೆ ಅಪ್ಪ ಸರಪಳಿ ಹಾಕಿ ಕೊಟ್ಟಿಗೆಯ ಕಂಬಕ್ಕೆ ಬಿಗಿಯುತ್ತಿದ್ದರು. ಕೊರಳಿಗೆ ಸರಪಳಿ ಬಿತ್ತೆಂದರೆ ಅಪರಿಚಿತರು ಬರುತ್ತಾರೆ, ತಾನು ಎಲ್ಲಿಗೂ ಓಡಲಾರೆ. ಇದು ಅವನು ಕಲಿತ ಪಾಠ. ಕಾರವಾರಕ್ಕೆ ತಂದ ಮೇಲೆ ನಾನು ದಿನಕ್ಕೆ ಎರಡು ಬಾರಿ ಅದೇ ಸರಪಳಿ ಹಾಕಿ, ಅಪರಿಚಿತರಿಂದಲೇ ತುಂಬಿದ ಬೀದಿಗೆ ಅವನನ್ನು ಇಳಿಸುತ್ತಿದ್ದೆ.

ಅಪ್ಪ ತೀರಿಕೊಂಡ ವರ್ಷವೇ ನಾವು ಆಯಿಯನ್ನು ಕರೆತಂದದ್ದು. ಕೆಂಚನನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ದೇವಿಮನೆ ಘಟ್ಟದಲ್ಲಿ ಕೆಂಚ ಎರಡು ಬಾರಿ ವಾಂತಿ ಮಾಡಿದ, ಆಯಿ ತನ್ನ ಸೀರೆಯ ಸೆರಗಿನಿಂದಲೇ ಅವನ ಮೂತಿ ಒರೆಸಿದಳು. ಕಾಜುಬಾಗದ ಬಾಡಿಗೆ ಮನೆಗೆ ಗೇಟಿನಿಂದ ಬಾಗಿಲಿಗೆ ಎಂಟು ಹೆಜ್ಜೆ. ಭಾವನನ್ನು ಕಚ್ಚಿದ ರಾತ್ರಿ, ಇನ್ನೇನು ಮಾಡುವುದು ಎಂದು ನಾನು ಅಳುತ್ತಾ ಕುಳಿತಾಗ ಆಯಿ ಹೇಳಿದಳು: “ಇವನಿಗೆ ಇಲ್ಲಿ ಅಂಗಳವೇ ಇಲ್ಲ. ಬಂದವರು ನೇರ ಮೈಮೇಲೆ ಬರುತ್ತಾರೆ.”

ನಂತರ ನಾನು ಓದಿದ, ಕೇಳಿದ, ಮಾಡಿ ನೋಡಿದ ಎಲ್ಲದರ ತಿರುಳು ಆ ಎರಡು ವಾಕ್ಯಗಳಲ್ಲಿತ್ತು.

ಮೊಲ ಮತ್ತು ಮಗು

ಮೊದಲು ಹೋದದ್ದು ಪಶುವೈದ್ಯರ ಬಳಿಗೆ. ಅವರು ಕೆಂಚನ ಸ್ವಭಾವದ ಬಗ್ಗೆ ಮಾತನಾಡುವ ಮುಂಚೆ ಕಿವಿ ನೋಡಿದರು. ಎಡಗಿವಿಯೊಳಗೆ ಸೋಂಕು, ಕೆಟ್ಟ ವಾಸನೆ. ಕರಾವಳಿಯ ಮಳೆಗಾಲದ ತೇವಕ್ಕೆ ಜೋಲುಗಿವಿಯ ನಾಯಿಗಳಿಗೆ ಇದು ಸಾಮಾನ್ಯ. ಭಾವ ಬಗ್ಗಿದ್ದು ಆ ಎಡಗಡೆಯಿಂದಲೇ. ನೋವಿರುವ ದೇಹಕ್ಕೆ ಸಹನೆ ಕಡಿಮೆ, ಅದು ಮನುಷ್ಯರಿಗೂ ಹಾಗೆಯೇ. ದಿಢೀರನೆ ಸಿಡುಕುವ ನಾಯಿಗೆ ಏನು ಕಲಿಸಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕಿವಿ, ಹಲ್ಲು, ಸೊಂಟ, ಕೀಲು ನೋಡಿಸಿ. ಕಲಿಸುವುದು ಆಮೇಲೆ.

ಹೊರಡುವಾಗ ವೈದ್ಯರು, “ಇನ್ನೊಂದು ನಾಯಿ ಕಂಡರೂ ಇವನು ಕೈಯಿಂದ ತಿನ್ನುವಷ್ಟು ದೂರ ಹುಡುಕಿ. ಅಲ್ಲಿಂದ ಶುರು ಮಾಡಿ,” ಎಂದರು. ಅದರ ಹಿಂದೆ ನೂರು ವರ್ಷದ ಕಥೆಯಿದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ಪಾವ್ಲೋವ್‌ನ ನಾಯಿಗಳ ವಿಷಯ ಶಾಲೆಯಲ್ಲಿ ಓದಿದವರೇ ನಾವೆಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಯೋಗಕ್ಕಿಂತ ಆಮೇಲಿನ ಇನ್ನೊಂದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದಳು. ಅವನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಡುತ್ತಿದ್ದರು. ಅವನ ತಿನ್ನುವಿಕೆಗೆ ಅಡ್ಡಿಯಾಗದಷ್ಟು ದೂರ. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರಕ್ಕೆ ತಂದರು. ಕೊನೆಗೆ ಆ ಮಗು ಮೊಲವನ್ನು ಮುಟ್ಟಿತು. ಯಾರೂ ಅವನಿಗೆ ‘ಹೆದರಬೇಡ’ ಎಂದು ಗದರಿಸಿ ಕಲಿಸಲಿಲ್ಲ. ಹೆದರಿದ್ದಕ್ಕೆ ಹೊಡೆಯಲಿಲ್ಲ. ಆ ಭಾಗವನ್ನು ಓದುವಾಗ ನನ್ನ ಕೈಯ ಚರ್ಮದ ಪಟ್ಟಿ ನೆನಪಾಗಿ ಗಂಟಲು ಕಟ್ಟಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಮೊಲವನ್ನು ಒಮ್ಮೆಗೇ ಹತ್ತಿರ ತಂದಿದ್ದರೆ ಕೆಲಸ ಕೆಡುತ್ತಿತ್ತು, ತಿಂಡಿಯ ಮೇಲೂ ಭಯ ಅಂಟಿಕೊಳ್ಳುತ್ತಿತ್ತು. ನಾಯಿಗೂ ಹೀಗೆ ಒಂದು ಹೊಸ್ತಿಲು ಇರುತ್ತದೆ. ಹೊಸ್ತಿಲ ಈಚೆಗಿದ್ದಾಗ ಅದು ನೋಡುತ್ತದೆ, ಯೋಚಿಸುತ್ತದೆ, ಕಲಿಯುತ್ತದೆ. ದಾಟಿತೆಂದರೆ ಕಿವಿಗೆ ಹೆಸರೂ ಕೇಳಿಸದು, ಬಾಯಿಗೆ ತಿಂಡಿಯೂ ಸೇರದು. ಆಗ ಮಾಡಬಹುದಾದ ಕೆಲಸ ಒಂದೇ, ಅಲ್ಲಿಂದ ಕರೆದುಕೊಂಡು ಹೋಗುವುದು. ಬೊಗಳುತ್ತಿರುವ ನಾಯಿಯನ್ನು ಅಲ್ಲೇ ಕೂರಿಸಿ ಪಾಠ ಹೇಳುವುದೆಂದರೆ ಮುಳುಗುತ್ತಿರುವವನಿಗೆ ಈಜು ಕಲಿಸಿದಂತೆ.

ಗಾಳಿಮರದ ಕೆಳಗೆ

ಕೆಂಚನ ಹೊಸ್ತಿಲು ಹುಡುಕಲು ಕಡಲತೀರಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗಲಿಲ್ಲ. ಬೆಳಗಿನ ಐದೂವರೆಗೆ ಅಲ್ಲಿ ಜನರಿರುವುದಿಲ್ಲ. ನೀರು ಇಳಿದಿದ್ದರೆ ಮರಳು ಹಸಿ ಹಾಳೆಯಂತೆ ಹರಡಿರುತ್ತದೆ, ಎದುರಿನಿಂದ ಬರುವವರು ಬಹಳ ದೂರದಿಂದಲೇ ಕಾಣುತ್ತಾರೆ. ಓಣಿಯಲ್ಲಿ ಹಾಗಲ್ಲ, ತಿರುವಿನಲ್ಲಿ ಕಂಡಾಗ ಆಗಲೇ ಎದುರಿಗೇ ಇರುತ್ತಾರೆ. ದೋಣಿಗಳ ಬಳಿ ಮಲಗುವ ಬೀದಿನಾಯಿಗಳ ಒಂದು ಗುಂಪು ಇತ್ತು. ಮೊದಲ ದಿನ 30 ಹೆಜ್ಜೆಗೆ ಕೆಂಚ ಎಗರಿದ. 40ಕ್ಕೆ ಬೊಗಳಿದ. 50ಕ್ಕೆ ಮೈ ಸೆಟೆದು, ಬಾಯಿ ಮುಚ್ಚಿ, ಮುಂಗಾಲಿನ ಮೇಲೆ ಭಾರ ಹಾಕಿ ನಿಂತ. 60 ಹೆಜ್ಜೆ ಆಚೆ, ಗಾಳಿಮರದ ಕೆಳಗೆ ಬಂದ ಮೇಲೆ ಅವನ ಬಾಯಿ ತೆರೆಯಿತು, ನಾಲಗೆ ಹೊರಬಂತು.

ತಿನ್ನಲು ಏನು ಕೊಡುವುದು ಎಂಬುದೂ ಸಣ್ಣ ಪ್ರಶ್ನೆಯಾಗಿರಲಿಲ್ಲ. ಅನ್ನ, ಮಜ್ಜಿಗೆ, ದೋಸೆ ತಿಂದು ಬೆಳೆದ ನಾಯಿ. ದೋಸೆಯ ಚೂರನ್ನು ಮನೆಯಲ್ಲಿ ತಿನ್ನುವವನು ತೀರದಲ್ಲಿ ಮೂಸಿಯೂ ನೋಡಲಿಲ್ಲ. ಭಯದ ಎದುರು ನಿಲ್ಲುವಷ್ಟು ರುಚಿ ಬೇಕು. ನಮ್ಮ ಓಣಿಗೆ ಮೀನು ತರುವ ಅಮ್ಮ ಒಂದು ಹಿಡಿ ಒಣ ಸಿಗಡಿ ಕೊಟ್ಟು, “ಇದನ್ನು ಕೊಟ್ಟು ನೋಡು ತಂಗಿ,” ಎಂದಳು. ಈ ಕಡೆಯವರು ಶೆಟ್ಲಿ ಎನ್ನುತ್ತಾರೆ. ಉಪ್ಪು ಹೋಗುವಂತೆ ನೀರಿನಲ್ಲಿ ನೆನೆಸಿ, ಮತ್ತೆ ಒಣಗಿಸಿ ಡಬ್ಬಿಯಲ್ಲಿ ತುಂಬಿದೆ. ಮೀನಿನ ವಾಸನೆಯನ್ನೇ ಮನೆಯೊಳಗೆ ಬಿಟ್ಟುಕೊಳ್ಳದ ಆಯಿ ಎರಡು ದಿನ ಏನೂ ಮಾತನಾಡಲಿಲ್ಲ. ಮೂರನೆಯ ದಿನ ಹಿತ್ತಿಲ ಕಟ್ಟೆಯ ಮೇಲೆ ಆ ಡಬ್ಬಿಗೆಂದೇ ಒಂದು ಕಲ್ಲು ಸರಿಸಿ ಜಾಗ ಮಾಡಿಕೊಟ್ಟಳು.

ಕೆಲಸ ಬಹಳ ಸರಳ, ಆದರೆ ಕ್ರಮ ತಪ್ಪಬಾರದು. ನಾಯಿ ಮೊದಲು ಕಾಣಬೇಕು, ಸಿಗಡಿ ಆಮೇಲೆ ಬರಬೇಕು. ಮೊದಲೇ ಡಬ್ಬಿಗೆ ಕೈ ಹಾಕಿದರೆ ಡಬ್ಬಿಯ ಸದ್ದೇ ಅಪಾಯದ ಮುನ್ಸೂಚನೆ ಆಗಿಬಿಡುತ್ತದೆ. ನಾನು ಮೊದಲ ವಾರ ಹಾಗೆಯೇ ಮಾಡಿದೆ. ಮುಚ್ಚಳ ಕಿರ್ ಎಂದರೆ ಸಾಕು, ಕೆಂಚ ಎಲ್ಲಿ ಯಾರು ಬಂದರು ಎಂದು ಸುತ್ತ ಹುಡುಕತೊಡಗಿದ. ಸರಿಪಡಿಸಲು ಇನ್ನೊಂದು ವಾರ ಹಿಡಿಯಿತು. ದೂರದ ನಾಯಿ ಕಾಣುವಷ್ಟು ಹೊತ್ತು ಸಿಗಡಿ, ಅದು ದೋಣಿಯ ಹಿಂದೆ ಮರೆಯಾದ ಕೂಡಲೇ ಸಿಗಡಿಯೂ ಬಂದ್. ಕೂರು, ನಿಲ್ಲು, ಸುಮ್ಮನಿರು ಎಂಬ ಅಪ್ಪಣೆ ಯಾವುದೂ ಇಲ್ಲ. ಅವನು ಒಳ್ಳೆಯವನಾಗಿದ್ದಕ್ಕೆ ಕೊಡುವ ಬಹುಮಾನವೂ ಇದಲ್ಲ. ಅವನ ಮನಸ್ಸಿನಲ್ಲಿ ‘ನಾಯಿ’ ಎಂಬುದರ ಪಕ್ಕದಲ್ಲಿ ಹೊಸದೊಂದು ನೆನಪನ್ನು ಕೂರಿಸುವ ಕೆಲಸ. ಹತ್ತು ನಿಮಿಷ ಸಾಕು. ಚೆನ್ನಾಗಿ ನಡೆಯುತ್ತಿರುವಾಗಲೇ ಎದ್ದು ಬರಬೇಕು. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಹತ್ತೊಂಬತ್ತನೆಯ ದಿನವೋ ಇಪ್ಪತ್ತನೆಯ ದಿನವೋ ಇರಬೇಕು. ಸದಾಶಿವಗಡದ ಕಡೆ ಮೋಡ ಕವಿದಿತ್ತು, ಮಳೆ ಇನ್ನೂ ಹನಿಯುತ್ತಿರಲಿಲ್ಲ. ದೋಣಿಯ ಮರೆಯಿಂದ ಒಂದು ಕರಿ ನಾಯಿ ಎದ್ದು ಮೈ ಮುರಿಯಿತು. ಕೆಂಚನ ಕಿವಿ ನೆಟ್ಟಗಾದವು. ನಾನು ಉಸಿರು ಬಿಗಿಹಿಡಿದು ಕೈಯನ್ನು ಡಬ್ಬಿಯಿಂದ ದೂರವೇ ಇಟ್ಟುಕೊಂಡಿದ್ದೆ. ಅವನು ಆ ನಾಯಿಯನ್ನು ನೋಡಿದ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಆಮೇಲೆ ತಾನಾಗಿಯೇ ಕತ್ತು ತಿರುಗಿಸಿ ನನ್ನ ಮುಖ ನೋಡಿದ. ‘ಅದೋ, ನಾಯಿ ಬಂತು. ನನ್ನ ಸಿಗಡಿ ಎಲ್ಲಿ?’ ಎನ್ನುವಂತೆ. ಆರು ವರ್ಷ ಬೊಗಳಿಯೇ ದೂರವನ್ನು ಗಳಿಸಿದ್ದ ಜೀವ ಮೊದಲ ಬಾರಿಗೆ ನನ್ನ ಕಡೆ ತಿರುಗಿ ಕೇಳಿತ್ತು. ಡಬ್ಬಿಯಲ್ಲಿದ್ದಷ್ಟನ್ನೂ ಮರಳಿನ ಮೇಲೆ ಸುರಿದೆ. ನನ್ನ ಕೈ ನಡುಗುತ್ತಿತ್ತು.

ಆ ಚಳಿಗಾಲ ಕೊನೆಕೊಯ್ಲಿಗೆ ಊರಿಗೆ ಹೋದಾಗ ದಣಪೆಯಿಂದ ಜಗಲಿಯವರೆಗೆ ನಡೆಯುತ್ತಾ ಹೆಜ್ಜೆ ಎಣಿಸಿದೆ. 72. ಇದನ್ನು ಪುರಾವೆ ಎನ್ನಲಾರೆ. ಆದರೂ ಅಂಗಳದಲ್ಲಿ ನಿಂತು ದಣಪೆಯ ಕಡೆ ನೋಡಿದಾಗ ಗಾಳಿಮರದ ಬುಡವೇ ಕಣ್ಣಿಗೆ ಬಂತು.

ಹಗ್ಗದ ಇನ್ನೊಂದು ತುದಿಯಲ್ಲಿ ಯಾರೂ ಇಲ್ಲ

ಮೊಬೈಲಿನಲ್ಲಿ ಸಿಗುವ ಪಾಠಗಳೆಲ್ಲ ಹೊರದೇಶದವು. ಅವುಗಳಲ್ಲಿ ಎದುರಿಗೆ ಬರುವ ನಾಯಿಗೂ ಒಬ್ಬ ಒಡೆಯನಿರುತ್ತಾನೆ, ‘ದಯವಿಟ್ಟು ಆಚೆಯಿಂದ ಹೋಗಿ’ ಎಂದರೆ ಅವನು ದಾರಿ ಬದಲಿಸುತ್ತಾನೆ. ನಮ್ಮ ಊರುಗಳಲ್ಲಿ ಹಾಗಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಅಂದರೆ ನಮ್ಮ ಓಣಿಯ ತುದಿಯ ಬಿಳಿ ನಾಯಿ ಆ ಓಣಿಯ ನಿವಾಸಿ. ದಾರಿಹೋಕರು ನಾವು. ಅವು ಬರದಿರಲಿ ಎಂದು ಹಾರೈಸುವ ಬದಲು ಅವುಗಳ ಜೊತೆಗೇ ಯೋಜನೆ ಹಾಕಬೇಕಾಯಿತು. ಯಾವ ನಾಯಿ ಎಷ್ಟು ಹೊತ್ತಿಗೆ ಎಲ್ಲಿ ಮಲಗುತ್ತದೆ ಎಂದು ಒಂದು ವಾರ ಕೆಂಚನಿಲ್ಲದೆ ಒಬ್ಬಳೇ ತಿರುಗಾಡಿ ನೋಡಿದೆ. ಮೀನು ಇಳಿಸುವ ಬೈತಖೋಲದ ಕಡೆಗೆ ಹೋಗುವುದನ್ನೇ ಬಿಟ್ಟೆ.

ಯಾವುದಾದರೂ ನಾಯಿ ನಮ್ಮತ್ತ ಬಂದರೆ ನಾವೆಲ್ಲ ಚಿಕ್ಕಂದಿನಿಂದ ಮಾಡುವುದು ಒಂದೇ, ಕಲ್ಲೆತ್ತುವಂತೆ ಬಗ್ಗುವುದು. ಬಂದ ನಾಯಿ ಓಡುತ್ತದೆ ನಿಜ. ಆದರೆ ಪಕ್ಕದಲ್ಲಿರುವ ಕೆಂಚನೂ ನೆಲಕ್ಕೆ ಅಂಟಿಕೊಳ್ಳುತ್ತಿದ್ದ. ಭಾವ ಬೂಟು ಬಿಚ್ಚಲು ಬಗ್ಗಿದ್ದು ನನಗೆ ಮತ್ತೆ ನೆನಪಾಯಿತು. ಈಗ ಜೇಬಿನಲ್ಲಿ ಬಿಸ್ಕತ್ತು ಚೂರು ಇಟ್ಟುಕೊಳ್ಳುತ್ತೇನೆ. ಬರುವ ನಾಯಿಯ ಮುಂದೆ ಒಂದು ಹಿಡಿ ಚೆಲ್ಲಿ, “ಹೋಗೋಣ ಬಾ,” ಎಂದು ಕೆಂಚನ ಜೊತೆ ಹಿಂತಿರುಗುತ್ತೇನೆ. ಈ ಎರಡು ಪದಗಳನ್ನು ಮನೆಯೊಳಗೆ, ಹಿತ್ತಿಲಲ್ಲಿ, ಯಾರೂ ಇಲ್ಲದ ಓಣಿಯಲ್ಲಿ ನೂರಾರು ಬಾರಿ ಆಟದಂತೆ ಆಡಿದ್ದೇವೆ. ಅಪಾಯದ ಹೊತ್ತಿನಲ್ಲಿ ಮೊದಲ ಬಾರಿಗೆ ಹೇಳಿದರೆ ಅದು ಕೇಳಿಸುವುದಿಲ್ಲ.

ಬೀದಿನಾಯಿಗಳಿಂದ ಕಲಿತದ್ದೂ ಇದೆ. ಗುರುತಿಲ್ಲದ ಎರಡು ನಾಯಿಗಳು ಸೇರುವುದನ್ನು ನೋಡಿ. ನೇರವಾಗಿ ಎದುರಾಗುವುದಿಲ್ಲ. ಬಾಗಿ ಬಳಸಿ ಬರುತ್ತವೆ, ನಡುವೆ ನೆಲ ಮೂಸುತ್ತವೆ, ಬೇರೆಲ್ಲೋ ನೋಡುತ್ತವೆ, ತುಟಿ ನೆಕ್ಕಿಕೊಳ್ಳುತ್ತವೆ. ಇಷ್ಟವಾಗದಿದ್ದರೆ ಹೊರಟುಹೋಗುತ್ತವೆ. ಸರಪಳಿಯ ನಾಯಿಗೆ ಇದರಲ್ಲಿ ಒಂದೂ ಸಾಧ್ಯವಿಲ್ಲ. ರಸ್ತೆಯ ಅಂಚಿನಲ್ಲಿ ನೇರ ಗೆರೆಯಂತೆ ಎಳೆದೊಯ್ಯುತ್ತೇವೆ, ಓಡುವ ದಾರಿ ಮುಚ್ಚುತ್ತೇವೆ, ಉಳಿದದ್ದು ಎಗರುವುದೊಂದೇ. ಅದಕ್ಕೇ ಸರಪಳಿ ಬಿಟ್ಟು ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್ ಎಂಬ ಮೈಪಟ್ಟಿ ಮತ್ತು ಉದ್ದನೆಯ ಹಗ್ಗ ತಂದೆ. ಹಳೆಯ ನೆನಪಿನ ಭಾರ ಹೊಸ ಹಗ್ಗಕ್ಕೆ ಇರಲಿಲ್ಲ. ನಾವೂ ಈಗ ಬಳಸಿಯೇ ನಡೆಯುತ್ತೇವೆ.

ಬಾಯಿಗೆ ಕಟ್ಟುವ ಬುಟ್ಟಿಯ ಬಗ್ಗೆ ನನಗೆ ಅಳುಕಿತ್ತು. ಆಯಿಗೆ ಇರಲಿಲ್ಲ. “ಗದ್ದೆಯಲ್ಲಿ ಎತ್ತಿಗೆ ಕುಕ್ಕೆ ಕಟ್ಟುವುದಿಲ್ಲವೇ?” ಎಂದಳು. ಉಸಿರಾಡಲು, ನೀರು ಕುಡಿಯಲು ಆಗುವಂಥ ಅಗಲದ ಬುಟ್ಟಿ ಅದು. ಅದರೊಳಗೆ ದೋಸೆ ಚೂರು ಇಟ್ಟು, ಅವನೇ ಮೂತಿ ತೂರಿಸುವವರೆಗೆ ಎರಡು ವಾರ ಕಾದೆ. ಆಸ್ಪತ್ರೆಗೆ ಹೋಗುವಾಗ, ಮನೆಗೆ ಮಕ್ಕಳು ಬಂದಾಗ ಅದು ಇರುತ್ತದೆ. ಕಚ್ಚಲಾರ ಎಂಬ ಖಾತ್ರಿ ಸಿಕ್ಕ ಮೇಲೆ ನನ್ನ ಕೈಯ ಬಿಗಿ ಸಡಿಲಾಯಿತು. ಹಗ್ಗದ ಆ ಸಡಿಲು ಅವನ ಮೈಗೂ ತಿಳಿಯುತ್ತದೆ.

ಗಣಪತಿ ಹಬ್ಬದ ಮರುದಿನ

ಎಲ್ಲ ದಿನವೂ ಮುನ್ನಡೆಯಲ್ಲ. 60 ಹೆಜ್ಜೆ 25ಕ್ಕೆ ಇಳಿದಿದ್ದ ಕಾಲದಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆ ಬಂತು. ತಾಸೆ, ಪಟಾಕಿ, ಮಧ್ಯರಾತ್ರಿಯವರೆಗೆ ಜನ. ಮರುದಿನ ಬೆಳಿಗ್ಗೆ, ಎಂಟು ವಾರಗಳಿಂದ ಗುರುತಿದ್ದ ಪಕ್ಕದ ಮನೆಯ ಅಜ್ಜನನ್ನು ಕಂಡು ಕೆಂಚ ಹುಚ್ಚೆದ್ದು ಬೊಗಳಿದ. ಹಿಂದಿನ ರಾತ್ರಿಯ ಪಟಾಕಿ, ಅರೆನಿದ್ದೆ, ಬೆಳಗಿನ ಸ್ಕೂಟರಿನ ಹಾರ್ನ್, ಒಂದರ ಮೇಲೊಂದು ಪೇರಿ ಕೊಡ ತುಂಬಿತ್ತು. ಅಜ್ಜ ಕೊನೆಯ ಹನಿ ಮಾತ್ರ. ಮೈಗೇರಿದ ಉದ್ವೇಗ ಇಳಿಯಲು ದಿನಗಳು ಬೇಕು. ಅಂಥ ದಿನಗಳಲ್ಲಿ ಬೀದಿಗೆ ಹೋಗುವುದೇ ಇಲ್ಲ. ತೆಂಗಿನ ಸಿಪ್ಪೆಯ ರಾಶಿಯಲ್ಲಿ ಆಯಿ ಕೊಬ್ಬರಿ ಚೂರು ಅಡಗಿಸುತ್ತಾಳೆ, ಅವನು ಅರ್ಧ ಗಂಟೆ ಮೂಸಿ ಹುಡುಕಿ, ತಿಂದು, ನಿದ್ದೆ ಹೋಗುತ್ತಾನೆ. ಮೂಸುವ ಕೆಲಸ ನಾಯಿಯನ್ನು ತಣ್ಣಗಾಗಿಸುವಷ್ಟು ನಡಿಗೆಯೂ ತಣ್ಣಗಾಗಿಸುವುದಿಲ್ಲ ಎಂಬುದು ನನ್ನ ಅನುಭವ.

ದೀಪಾವಳಿ ಕಳೆದ ಮೇಲೆ ಭಾವ ಮತ್ತೆ ಬಂದರು. ಗೇಟು ತೆರೆದು ಎರಡು ಹೆಜ್ಜೆ ಒಳಗಿಟ್ಟಿದ್ದರಷ್ಟೇ. ಬೆಂಚಿನ ಕೆಳಗಿನಿಂದ ಸಣ್ಣ ಸದ್ದು ಬಂತು. ಗುರ್. ಎಷ್ಟೋ ತಿಂಗಳ ನಂತರ ನಾನು ಕೇಳಿದ ಮೊದಲ ಗುರ್. ಆಯಿ ಅಡುಗೆಮನೆಯಿಂದ ಓಡಿ ಬಂದಳು. ಕೆಂಚನಿಗೆ ಯಾರೂ ಏನೂ ಅನ್ನಲಿಲ್ಲ. ಭಾವ ಕಾಲು ಹಿಂದಕ್ಕೆ ತೆಗೆದು, ಮುಖ ಬೇರೆ ಕಡೆ ತಿರುಗಿಸಿ, ಗೇಟಿನ ಹೊರಗೆ ಮಾವಿನ ಮರದ ಹತ್ತಿರ ಹೋಗಿ ನಿಂತರು. “ಹೇಳಿದ,” ಎಂದರು ಅಲ್ಲಿಂದಲೇ. ಆಯಿ ಒಂದು ಕುರ್ಚಿಯನ್ನು ಮರದ ಬುಡಕ್ಕೆ ಒಯ್ದು ಹಾಕಿದಳು. ಚಹಾವನ್ನೂ ಅಲ್ಲಿಗೇ ಒಯ್ದುಕೊಟ್ಟಳು.